ಮೆಟ್ಟಿಲು ಬಾವಿ, ನಾರುಹುಣ್ಣು ಮತ್ತು ನಮ್ಮ ಇತಿಹಾಸಲೇಖನ

ಯಾದಗಿರಿ, ಶಹಾಪುರ, ಸುರಪುರ ಪ್ರಾಂತವನ್ನು ಕುರಿತ ಇತಿಹಾಸ ಗ್ರಂಥಗಳು ಬಹುಮಟ್ಟಿಗೆ ಸುರಪುರದ ನಾಯಕರ ಆಳಿಕೆ, ಮೆಡೋಸ್ ಟೇಲರನ ಆಡಳಿತ, 1857-58ರ ಬಂಡಾಯ ಇವುಗಳ ಸುತ್ತಲೇ ಸುಳಿದಾಡುತ್ತವೆ. ನೀರಿನ ಮಾತು ಬಂದಾಗ ಬೋನಾಳದಂತಹ ಕೆರೆಗಳ, ಬಾವಿಗಳ ನಿರ್ಮಾತೃಗಳ ಹೆಸರು ಹೇಳಿ ಮುಂದೆ ಸಾಗುತ್ತವೆ. ನೀರು ಕುಡಿದವರಿಗೆ ಏನಾಯಿತೆಂಬುದು ಅವುಗಳ ಪ್ರಶ್ನೆಯಲ್ಲ. ಇತ್ತ ಆರೋಗ್ಯ ಪ್ರಚಾರದ ಬರಹಗಳು ನಾರುಹುಣ್ಣಿಗೆ ಹಳ್ಳಿಗರ ಅಜ್ಞಾನವೇ ಕಾರಣವೆಂದು ಹೇಳುವುದು ರೂಢಿ. ಎರಡನ್ನೂ ನಾವು ಒಪ್ಪಲಾರೆವು.

ಈ ರೋಗದ ವೃತ್ತಾಂತದಲ್ಲಿ ಮನುಷ್ಯನೊಬ್ಬನೇ ರೋಗಿಯಲ್ಲ. ಸಿಗಡಿ, ಏಡಿಗಳ ವರ್ಗಕ್ಕೆ ಸೇರಿದ, ಎರಡು ಮಿಲಿಮೀಟರಿಗೂ ಕಿರಿದಾದ ಸೈಕ್ಲಾಪ್ಸ್ ಎಂಬ ಜಲಜೀವಿಯೂ ರೋಗಿಯೇ. ಹುಳುವಿನ ಮರಿಗಳು ಅದರ ಒಡಲನ್ನು ಸೇರುತ್ತವೆಂದು 1870ರಲ್ಲಿ ತುರ್ಕಿಸ್ತಾನದಲ್ಲಿ ಕಂಡವನು ಫೆಡ್ಚೆಂಕೊ. ಮರಿಗಳು ಅಲ್ಲಿ ಸುಮಾರು ಎರಡು ವಾರ ಬೆಳೆಯುತ್ತವೆ. ಒಂದೇ ಒಡಲಿಗೆ ಹಲವು ಮರಿಗಳು ಹೊಕ್ಕರೆ ಸೈಕ್ಲಾಪ್ಸ್ ಸಾಯುವುದುಂಟು. ಬದುಕಿದ್ದರೂ ಜಡವಾಗಿ ತಳಕ್ಕೆ ಇಳಿಯುತ್ತದೆ. ಬೇಸಗೆಯಲ್ಲಿ ಬಾವಿ ಬತ್ತಿ ಕೊಡ ತಳವನ್ನು ಮುಟ್ಟುವಾಗ ಮೊದಲು ತುಂಬಿಕೊಳ್ಳುವುದು ಅದೇ ರೋಗಗ್ರಸ್ತ ನೀರು. ಕಿರುಜೀವಿಯ ಈ ಬಳಲಿಕೆಯನ್ನು ಬಿಟ್ಟು ನಾರುಹುಣ್ಣಿನ ಋತುವನ್ನು ವಿವರಿಸುವುದು ಕಷ್ಟ. (ಬೇರಿಂಗ್ ಸಮುದ್ರದ ಕ್ರಿಲ್‌ಗಳೊಳಗೆ ಹೊಕ್ಕು ಅವನ್ನು ಕೊಲ್ಲುವ ಕೊಲಿನಿಯಾ ಎಂಬ ಏಕಕೋಶಜೀವಿಯನ್ನು ಹಿಮಸಾಗರಗಳ ವಿಜ್ಞಾನಿಗಳು ಶ್ರದ್ಧೆಯಿಂದ ಅಭ್ಯಸಿಸಿದ್ದಾರೆ. ನಮ್ಮೂರ ಬಾವಿಯ ಜೀವಿಗೆ ಇತಿಹಾಸಕಾರರು ಅಷ್ಟು ಗಮನವನ್ನೂ ಕೊಟ್ಟಿಲ್ಲ.)

ಕುಡಿದವನ ಜಠರದಲ್ಲಿ ಸೈಕ್ಲಾಪ್ಸ್ ಸಾಯುತ್ತದೆ, ಮರಿಗಳು ಉಳಿಯುತ್ತವೆ. ಸುಮಾರು ಒಂದು ವರ್ಷದ ಮೇಲೆ, ಮೀಟರಿನಷ್ಟು ಉದ್ದದ ಹೆಣ್ಣುಹುಳು ಹೆಚ್ಚಾಗಿ ಕಾಲಿನಲ್ಲಿ ಬೊಕ್ಕೆ ಎಬ್ಬಿಸಿ ಹೊರಬರುತ್ತದೆ. ಅದನ್ನು ಕಡ್ಡಿಗೆ ಸುತ್ತುತ್ತ ದಿನಗಟ್ಟಲೆ, ವಾರಗಟ್ಟಲೆ ಎಳೆಯಬೇಕು. ಬಿತ್ತನೆಯ ಹೊತ್ತಿಗೆ ಹೀಗೆ ಮೂಲೆಗೆ ಬಿದ್ದ ಕೂಲಿಯವನ ಮನೆಯಲ್ಲಿ ಆ ವರ್ಷ ಉಳಿದದ್ದೇನು? ನಮ್ಮ ಕೃಷಿ ಇತಿಹಾಸಗಳು ಬರಗಾಲವನ್ನು ಎಣಿಸಿವೆ, ಇದನ್ನು ಎಣಿಸಿಲ್ಲ.

ಬೊಕ್ಕೆಯ ಉರಿಗೆ ತಂಪು ಬೇಕು. ಕಾಲು ನೀರಿಗೆ ತಾಗಿದೊಡನೆ ಹುಳು ಮರಿಗಳನ್ನು ಚೆಲ್ಲುತ್ತದೆ. ಆದರೆ ಮೆಟ್ಟಿಲು ಬಾವಿಯಲ್ಲಿ ಇಳಿಯದೆ ನೀರು ತರುವುದೆಂತು? ನೀರಿಗೆ ಕಾಲಿಡುವಂತೆಯೇ ಆ ಬಾವಿಯ ರಚನೆಯಿದೆ. ಬಾವಿ ಕಟ್ಟಿಸುವುದನ್ನು ನಮ್ಮ ಶಾಸನಗಳು ಧರ್ಮಕಾರ್ಯವೆಂದು ಹೊಗಳುತ್ತವೆ. ಆ ಹೊಗಳಿಕೆ ಸುಳ್ಳಲ್ಲ. ನೀರಿಲ್ಲದ ನಾಡಿನಲ್ಲಿ ಅದು ನಿಜವಾದ ಧರ್ಮವೇ. ಆದರೆ ಅದೇ ಮೆಟ್ಟಿಲಲ್ಲಿ ಕಟ್ಟಿಸಿದವನಿಗೆ ಪುಣ್ಯವನ್ನೂ ಇಳಿದವನಿಗೆ ಅಜ್ಞಾನದ ಅಪವಾದವನ್ನೂ ಹಂಚುವ ಬರವಣಿಗೆ ನ್ಯಾಯವಾದುದಲ್ಲ.

1983-84ರಲ್ಲಿ ಆರಂಭವಾದ ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮದ ವ್ಯಾಪ್ತಿಯಲ್ಲಿ ಕರ್ನಾಟಕವೂ ಇದ್ದಿತು. ಈ ತಾಲೂಕುಗಳನ್ನು ಒಳಗೊಂಡಿದ್ದ ಅಂದಿನ ಗುಲ್ಬರ್ಗ ಜಿಲ್ಲೆ ರೋಗಪೀಡಿತ ಜಿಲ್ಲೆಗಳಲ್ಲೊಂದು. ಆ ಕಾರ್ಯಕ್ರಮವು ಸೈಕ್ಲಾಪ್ಸನ್ನು ಕೊಲ್ಲಲು ಟೆಮೆಫಾಸ್ ಹಾಕಿಸಿತು, ನೀರನ್ನು ಬಟ್ಟೆಯಲ್ಲಿ ಸೋಸಲು ಕಲಿಸಿತು, ಮೆಟ್ಟಿಲು ಬಾವಿಗಳನ್ನು ಸೇದುವ ಬಾವಿಗಳಾಗಿ ಮಾರ್ಪಡಿಸಿತು. ದೇಶದ ಕೊನೆಯ ಪ್ರಕರಣ 1996ರಲ್ಲಿ ರಾಜಸ್ಥಾನದಲ್ಲಿ ಕಂಡಿತು. 2000ದಲ್ಲಿ ಭಾರತವು ರೋಗಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣೀಕರಿಸಿತು. ಬೋಧನೆಗಿಂತ ಕಲ್ಲುಗಾರೆಯ ಕೆಲಸಕ್ಕೆ ಇದರಲ್ಲಿ ಹೆಚ್ಚು ಪಾಲು ಸಲ್ಲಬೇಕೆಂದು ನಮ್ಮ ಅಭಿಪ್ರಾಯ. ಸೇದುವ ಬಾವಿಯಲ್ಲಿ ಹುಣ್ಣಿನ ಕಾಲು ನೀರನ್ನು ಮುಟ್ಟುವ ದಾರಿಯೇ ಇಲ್ಲ.

ಕಡ್ಡಿಗೆ ಹುಳು ಸುತ್ತಿಸಿಕೊಂಡ ಹಿರಿಯರು ಈ ಪ್ರಾಂತದಲ್ಲಿ ಇನ್ನೂ ಸಿಗುತ್ತಾರೆ. ಯಾವ ಓಣಿಯವರು ಯಾವ ಬಾವಿಗೆ ಇಳಿಯುತ್ತಿದ್ದರು, ಯಾರಿಗೆ ಸೇದುವ ಬಾವಿಯ ಹಗ್ಗ ಮುಟ್ಟಲು ಅನುಮತಿಯಿರಲಿಲ್ಲ ಎಂಬುದನ್ನು ಅವರಿಂದಲೇ ಬರೆದುಕೊಳ್ಳಬೇಕು. ನಮ್ಮ ವಿದ್ಯಾರ್ಥಿಗಳು ಶಾಸನದ ಪಡಿಯಚ್ಚು ತೆಗೆಯಲು ಹೋದಾಗ ಬಾವಿಯ ಕಟ್ಟೆಯ ಮೇಲೆ ಕುಳಿತಿರುವವರನ್ನೂ ಮಾತನಾಡಿಸಲಿ.