ಕಾಳಿಯ ಕಲ್ಲು

ಬೇಟೆನಾಯಿಯ ಚಿತ್ರ ಎಂದೊಡನೆ ಕಣ್ಣಿಗೆ ಕಟ್ಟುವುದು ಯುರೋಪಿನ ಕಾಡು. ಕೆಂಪು, ಕಿತ್ತಳೆ ಎಲೆಗಳ ಹಾಸು, ನಡುವೆ ಮುಂಗಾಲೆತ್ತಿ ನಿಂತ ನಾಯಿ, ಒಂದೊಂದು ಕೂದಲನ್ನೂ ಎಣಿಸಬಹುದಾದ ಕುಂಚಗಾರಿಕೆ. ದೊಡ್ಡಬಳ್ಳಾಪುರದವರಿಗೆ ಆ ಶರತ್ಕಾಲ ಅಪರಿಚಿತ. ಮಾಕಳಿದುರ್ಗದ ಸುತ್ತಲ ಕುರುಚಲು ಕಾಡು ಎಲೆ ಉದುರಿಸುವುದು ಸಂಕ್ರಾಂತಿ ಕಳೆದ ಮೇಲೆ. ಶರತ್ತಿನಲ್ಲಿ ಇಲ್ಲಿ ಬೆಟ್ಟ ಹಸಿರು, ಹೊಲದಲ್ಲಿ ರಾಗಿ ತೆನೆ.

ಆ ಚಿತ್ರಗಳನ್ನು ಹಗುರ ಮಾಡಬೇಕಿಲ್ಲ. ಫ್ರಾನ್ಸಿನ ದೊರೆ ಹದಿನಾಲ್ಕನೇ ಲೂಯಿಯ ನಾಯಿಗಳನ್ನು 1702ರಲ್ಲಿ ಬರೆದ ಫ್ರಾನ್ಸ್ವಾ ದೆಪೋರ್ತ್, ಒಂದೊಂದರ ಹೆಸರನ್ನೂ ಚಿತ್ರದ ಮೇಲೇ ನಮೂದಿಸಿದ: ಬೊನ್, ನೊನ್, ಪೊನ್. ಪ್ರಾಸ ನಾಯಿಗೂ ಬೇಕಾಗಿತ್ತೇನೋ!

ಅದಕ್ಕೂ ಸುಮಾರು 750 ವರ್ಷ ಮೊದಲೇ ಕನ್ನಡದ ಶಿಲ್ಪಿ ಬೇಟೆನಾಯಿಯೊಂದನ್ನು ಹೆಸರು ಸಮೇತ ಕಲ್ಲಿಗಿಳಿಸಿದ್ದ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಆ ವೀರಗಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಶಕ 872, ಅಂದರೆ ಕ್ರಿ.ಶ. 949-50. ರಾಷ್ಟ್ರಕೂಟ ಮೂರನೇ ಕೃಷ್ಣನ ಪರವಾಗಿ ಗಂಗರ ಇಮ್ಮಡಿ ಬೂತುಗ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಸುದ್ದಿಯೂ ಅದರಲ್ಲೇ ಇದೆ. ಬೂತುಗನ ಆಳು ಮಣಲೆರ ಆ ಯುದ್ಧದಲ್ಲಿ ಮೆರೆದ. ಮೆಚ್ಚಿ ವರ ಬೇಡು ಎಂದಾಗ ಅವನು ಕೇಳಿದ್ದು ಊರನ್ನಲ್ಲ, ಹೊನ್ನನ್ನಲ್ಲ, ಕಾಳಿ ಎಂಬ ನಾಯಿಯನ್ನು.

ಮುಂದೆ ಬೆಳತೂರಿನ ಪಡುವಣ ಮೊರಡಿಯಲ್ಲಿ ಕಾಳಿಯನ್ನು ದೊಡ್ಡ ಕಾಡುಹಂದಿಯ ಮೇಲೆ ಬಿಟ್ಟರು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಮಣಲೆರ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಭೂಮಿಯನ್ನು ದತ್ತಿ ಬಿಟ್ಟ. ಈ ಕಲ್ಲಿಗೆ ಪೂಜೆ ಮಾಡದೆ ಉಂಡ ಗೊರವನಿಗೆ (ಗುಡಿಯ ಪೂಜಾರಿಗೆ) ನಾಯಿ ಮಾಡಿದ ಪಾಪ ತಗುಲುತ್ತದೆಂಬ ಕಟ್ಟಳೆಯೂ ಇದೆ.

ಶಿಲ್ಪಕ್ಕೆ ಬಣ್ಣವಿಲ್ಲ, ಎಲೆಯಿಲ್ಲ, ಕೂದಲಿನ ನಯವಂತೂ ಇಲ್ಲವೇ ಇಲ್ಲ. ಎರಡು ಪ್ರಾಣಿಗಳು ಒಂದರ ಮೇಲೊಂದು ಬಿದ್ದಿವೆ, ಅಷ್ಟೆ. ಲೂಯಿಯ ನಾಯಿಗಳು ಅರಸನ ಐಶ್ವರ್ಯದ ಭಾಗವಾಗಿ ಕಾಣುತ್ತವೆ. ಕಾಳಿ ಮಾತ್ರ ತನ್ನದೇ ಕಾಳಗ ಕಾದುತ್ತಿದೆ. ಎಲ್ಲಿ ಸತ್ತಿತು, ಯಾರು ಕಲ್ಲು ನಿಲ್ಲಿಸಿದರು ಎಂಬ ವಿಳಾಸ ಕಲ್ಲಿನ ಮೇಲೇ ಇದೆ. ನೈಜತೆಯ ಈ ಲೆಕ್ಕದಲ್ಲಿ ಆತಕೂರಿನ ಅನಾಮಿಕ ಶಿಲ್ಪಿಯದೇ ಒಂದು ತೂಕ ಹೆಚ್ಚು.

ಹಾಗೆಂದು ಕಾಳಿಯನ್ನು ಮುಧೋಳ ತಳಿ ಎಂದು ಉಬ್ಬಿಸುವುದು ಬೇಡ. ಶಾಸನ ತಳಿಯ ಮಾತೆತ್ತಿಲ್ಲ. ಮುಧೋಳದ ನಾಯಿಗೆ ಅದರದೇ ಗೌರವ ಸಂದಿದೆ, 2005ರ ಅಂಚೆಚೀಟಿಯಲ್ಲಿ.

ನೆಲಮಂಗಲದಿಂದಲೋ ಹೊಸಕೋಟೆಯಿಂದಲೋ ಹೊರಟವರು ಕಸ್ತೂರಬಾ ರಸ್ತೆಯ ವಸ್ತುಸಂಗ್ರಹಾಲಯದ ಬಳಿ ಇಳಿದರೆ ಸಾಕು. ಪಕ್ಕದಲ್ಲೇ ವೆಂಕಟಪ್ಪ ಚಿತ್ರಶಾಲೆ; ಕೆ. ವೆಂಕಟಪ್ಪನವರ ಊಟಿಯ ಜಲವರ್ಣಗಳಿಗೆ ಹೆಸರಾದ ಜಾಗ. ಬಾಗಿಲು ತೆರೆದಿದೆಯೇ ಎಂದು ವಿಚಾರಿಸಿಕೊಂಡು ಹೋಗಿ, ಕಾಳಿಯನ್ನು ಮೊದಲು ನೋಡಿ.