ಬೆಲೆ ಕೇಳುವ ವಸ್ತುಗಳು: ಅಪಾಯದ ಐತಿಹ್ಯವನ್ನು ಸವಿಯುವವರಿಗೊಂದು ಕೈಪಿಡಿ

ಮೇಜಿನ ಸುತ್ತ ಕುಳಿತು ಆಡುವ ಪಾತ್ರಾಭಿನಯದ ಆಟಗಳಲ್ಲಿ, ಅಂದರೆ ಆಟಗಾರರು ಒಂದೊಂದು ಪಾತ್ರವನ್ನು ವಹಿಸಿಕೊಂಡು, ಸೂತ್ರಧಾರನೊಬ್ಬ ಕಟ್ಟಿಕೊಡುವ ಕಲ್ಪಿತ ಲೋಕದಲ್ಲಿ ಮಾತು ಮತ್ತು ದಾಳಗಳ ನೆರವಿನಿಂದ ಕಥೆಯನ್ನು ಮುಂದುವರಿಸುವ ಆಟಗಳಲ್ಲಿ, ಅಪಾಯಕಾರಿಯಾದ ಮಾಂತ್ರಿಕ ವಸ್ತುವಿಗೆ ವಿಶೇಷ ಸ್ಥಾನವಿದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟಕ್ಕೆ 1976ರಲ್ಲಿ ಬಂದ ಪೂರಕ ಪುಸ್ತಕವೊಂದರಲ್ಲಿ ವೆಕ್ನಾ ಎಂಬ ಮಾಂತ್ರಿಕನ ಕೈ ಮತ್ತು ಕಣ್ಣು ಮೊದಲು ಕಾಣಿಸಿಕೊಂಡವು. ಆ ಕೈಯ ಶಕ್ತಿ ಬೇಕೆನ್ನುವವನು ತನ್ನದೇ ಕೈಯನ್ನು ಕಡಿದುಕೊಂಡು ಅದನ್ನು ಆ ಜಾಗಕ್ಕೆ ಜೋಡಿಸಿಕೊಳ್ಳಬೇಕು. ಹೊಸಬರು ಇಂಥ ವಸ್ತು ಏನೇನು ಮಾಡಬಲ್ಲದೆಂಬ ಪಟ್ಟಿಯನ್ನು ಓದಿಯೇ ಬೆರಗಾಗುತ್ತಾರೆ, ಆದರೆ ಈ ಪ್ರಕಾರದ ರಸವಿರುವುದು ವಸ್ತು ಕೇಳುವ ಬೆಲೆಯಲ್ಲಿ, ಮತ್ತು ಆ ಬೆಲೆಯನ್ನು ಯಾರು, ಯಾವ ಕರಾರಿನ ಮೇಲೆ, ಎಷ್ಟು ತಲೆಮಾರುಗಳವರೆಗೆ ತೆರುತ್ತಾರೆ ಎಂಬುದರಲ್ಲಿ.

ಈ ಬೆಲೆಯನ್ನು ಗುರುತಿಸುವ ಕಣ್ಣನ್ನು ಬೆಳೆಸಿಕೊಳ್ಳಲು ಆಂಧ್ರಪ್ರದೇಶದ ಆದವಾನಿಯ ಪಶ್ಚಿಮಕ್ಕೆ, ಕನ್ನಡ ಮತ್ತು ತೆಲುಗು ಒಂದೇ ಅಂಗಳದಲ್ಲಿ ಕೇಳಿಬರುವ ಗಡಿಸೀಮೆಗೆ, ಹೊಳಗುಂದ ಮಂಡಲದ ದೇವರಗಟ್ಟಿಗೆ ಹೋಗಬೇಕು. ಅಲ್ಲಿನ ಬೆಟ್ಟದ ಮೇಲಿರುವ ಮಾಳ ಮಲ್ಲೇಶ್ವರನು ಮಣಿ ಮತ್ತು ಮಲ್ಲಾಸುರ ಎಂಬ ಇಬ್ಬರು ರಕ್ಕಸರನ್ನು ಕೊಂದನೆಂಬುದು ಸ್ಥಳದ ಐತಿಹ್ಯ. ವಿಜಯದಶಮಿಯ ರಾತ್ರಿ ದೇವರ ಮತ್ತು ಮಾಳಮ್ಮನ ಕಲ್ಯಾಣ ಮುಗಿದ ಮೇಲೆ ಉತ್ಸವಮೂರ್ತಿಗಳು ಬೆಟ್ಟವಿಳಿಯುತ್ತವೆ. ನೆರಣಿಕಿ, ನೆರಣಿಕಿ ತಾಂಡಾ ಮತ್ತು ಕೊತ್ತಪೇಟ ಗ್ರಾಮದವರು ಅವುಗಳನ್ನು ಕಾಯುತ್ತಾರೆ, ಸುತ್ತಲಿನ ಊರುಗಳವರು ಅವುಗಳನ್ನು ತಮ್ಮ ವಶಕ್ಕೆ ಪಡೆಯಲು ನುಗ್ಗುತ್ತಾರೆ, ಮತ್ತು ಪಂಜಿನ ಬೆಳಕಿನಲ್ಲಿ ಎರಡೂ ಕಡೆಯವರ ಉದ್ದನೆಯ ಬಡಿಗೆಗಳು ಒಂದಕ್ಕೊಂದು ತಾಗುತ್ತವೆ. ಬನ್ನಿ ಉತ್ಸವವೆಂದು ಹೆಸರಾದ ಈ ಆಚರಣೆಯಲ್ಲಿ ವರ್ಷವರ್ಷವೂ ಹಲವರ ತಲೆ ಒಡೆಯುತ್ತದೆ, ಕೆಲವು ವರ್ಷ ಸಾವುಗಳೂ ಸಂಭವಿಸಿವೆ. ಗಾಯಗೊಂಡವರಲ್ಲಿ ಅನೇಕರು ಭಂಡಾರವನ್ನು, ಅಂದರೆ ದೇವರ ಪ್ರಸಾದವಾದ ಅರಿಸಿನದ ಪುಡಿಯನ್ನು, ಗಾಯಕ್ಕೆ ಮೆತ್ತಿಕೊಂಡು ಮತ್ತೆ ಮೆರವಣಿಗೆಯನ್ನು ಸೇರುತ್ತಾರೆ. ಸುದ್ದಿಯವರ ಕಣ್ಣು ಬಡಿಗೆಗಳ ಮೇಲೆಯೇ ನಿಲ್ಲುತ್ತದೆ. ರಸಿಕನಾದವನು ನೋಡಬೇಕಾದ ಎರಡು ಸಂಗತಿಗಳು ಬಡಿದಾಟದ ಆಚೀಚೆ ಇವೆ. ಮೊದಲನೆಯದು, ಕಾಯುವ ಊರುಗಳವರು ಉತ್ಸವಕ್ಕೆ ಮುನ್ನ ಒಂದೆಡೆ ಸೇರಿ, ಹಗೆಯನ್ನು ಮರೆತು ಒಟ್ಟಾಗಿರುತ್ತೇವೆಂದು ಹಾಲಿನ ಮೇಲೆ ಆಣೆ ಮಾಡುವುದು. ಎರಡನೆಯದು, ಮೆರವಣಿಗೆಯ ದಾರಿಯಲ್ಲಿ ಬರುವ ರಕ್ಷಪಡ ಎಂಬ ತಾಣದಲ್ಲಿ, ಗೊತ್ತಾದ ಮನೆತನದವನೊಬ್ಬ ತನ್ನ ತೊಡೆಯನ್ನು ಚುಚ್ಚಿಕೊಂಡು ರಕ್ಕಸರಿಗೆ ರಕ್ತವನ್ನು ಅರ್ಪಿಸುವುದು. ಸಾಯುವ ಹೊತ್ತಿನಲ್ಲಿ ರಕ್ಕಸರು ವರ್ಷಕ್ಕೊಂದು ನರಬಲಿಯನ್ನು ಬೇಡಿದರೆಂದೂ, ದೇವರು ಅದಕ್ಕೊಪ್ಪದೆ ಹಿಡಿ ರಕ್ತಕ್ಕೆ ಒಪ್ಪಿದನೆಂದೂ ಕಥೆ ಹೇಳುತ್ತದೆ. ಗೆದ್ದವನೂ ಋಣಮುಕ್ತನಲ್ಲ, ಮತ್ತು ಆ ಋಣವನ್ನು ತೀರಿಸುವವನು ದೇವರೂ ಅಲ್ಲ, ರಕ್ಕಸನೂ ಅಲ್ಲ, ಆ ಒಂದು ಮನೆತನದ ಮನುಷ್ಯ ಎಂಬಲ್ಲಿ ಈ ಐತಿಹ್ಯದ ನಿಜವಾದ ಭಯವೂ ಗಾಂಭೀರ್ಯವೂ ಇವೆ.

ಒಂದೇ ಕಥೆಯ ಪಾಠಾಂತರಗಳನ್ನು, ಅಂದರೆ ಊರಿಂದೂರಿಗೆ ಬದಲಾಗುವ ರೂಪಗಳನ್ನು, ಎದುರುಬದುರು ಇಟ್ಟು ನೋಡುವುದು ಮುಂದಿನ ಅಭ್ಯಾಸ. ಮಹಾರಾಷ್ಟ್ರದ ಖಂಡೋಬನ ಪರಂಪರೆಯಲ್ಲಿ ಇದೇ ಇಬ್ಬರು ದೈತ್ಯರ ಪೈಕಿ ಮಣಿಯು ಪಶ್ಚಾತ್ತಾಪದಿಂದ ತನ್ನ ಬಿಳಿ ಕುದುರೆಯನ್ನು ಒಪ್ಪಿಸಿ, ದೇವರ ಗುಡಿಗಳಲ್ಲಿ ತನಗೂ ಒಂದು ನೆಲೆಯನ್ನೂ ಆಡಿನ ಮಾಂಸದ ಎಡೆಯನ್ನೂ ಬೇಡಿ ಪಡೆಯುತ್ತಾನೆ. ಮಲ್ಲನು ಲೋಕದ ನಾಶವನ್ನೂ ನರಮಾಂಸವನ್ನೂ ಕೇಳಿದ್ದರಿಂದ ಅವನ ತಲೆ ಉರುಳಿ, ಭಕ್ತರು ತುಳಿದು ಹತ್ತುವ ಮೆಟ್ಟಿಲ ಬಳಿ ಬೀಳುತ್ತದೆ. ಅಲ್ಲಿ ನಿರಾಕರಣೆಗೆ ಒಳಗಾದ ಬೇಡಿಕೆಯೇ ದೇವರಗಟ್ಟಿನಲ್ಲಿ ಚೌಕಾಸಿಗೊಳಗಾಗಿ ಹಿಡಿ ರಕ್ತವಾಗಿ ಉಳಿದಿದೆ. ಯಾವ ರೂಪ ಮೂಲವೆಂದು ತೀರ್ಮಾನಿಸುವ ಆತುರಕ್ಕಿಂತ, ಒಂದು ಸೀಮೆ ನಿರಾಕರಿಸಿದ್ದನ್ನು ಇನ್ನೊಂದು ಸೀಮೆ ಏಕೆ ಹೊತ್ತುಕೊಂಡಿತೆಂಬ ಪ್ರಶ್ನೆ ರಸಿಕನಿಗೆ ಹೆಚ್ಚು ಫಲ ಕೊಡುತ್ತದೆ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಇದೇ ದೇವರ ಪರಂಪರೆ ಮತ್ತೊಂದು ಬಗೆಯ ವಸ್ತುವನ್ನು ಮುಂದಿಡುತ್ತದೆ: ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಉಪವಾಸದ ವ್ರತ ಹಿಡಿದ ಗೊರವಯ್ಯನು, ಅಂದರೆ ದೇವರ ದೀಕ್ಷೆ ಪಡೆದ ಭಕ್ತನು, ಎತ್ತರದ ಬಿಲ್ಲನ್ನೇರಿ, ಜನಸಾಗರವನ್ನು ಒಂದೇ ಕೂಗಿನಿಂದ ಸುಮ್ಮನಾಗಿಸಿ, ಒಂದು ಸಾಲಿನ ಕಾರಣಿಕವನ್ನು, ಅಂದರೆ ಭವಿಷ್ಯವಾಣಿಯನ್ನು, ನುಡಿದು ಮೇಲಿನಿಂದ ಬೀಳುತ್ತಾನೆ. ಬಿಲ್ಲು ಎಲ್ಲರ ಕಣ್ಣೆದುರಿಗೇ ಇದ್ದರೂ ಅದನ್ನು ಏರುವ ಅಧಿಕಾರ ವ್ರತಕ್ಕೆ ಸೇರಿದ್ದು. ನುಡಿಯ ಅರ್ಥವನ್ನು ಮಳೆಗೋ ಬೆಳೆಗೋ ಆಳುವವರಿಗೋ ಹೊಂದಿಸಿಕೊಳ್ಳುವ ಕೆಲಸ ಕೇಳಿದವರ ಪಾಲಿನದು.

ಗಣೇಶ ಚೌತಿಯಂದು ಮನೆಮನೆಯಲ್ಲಿ ಓದುವ ಶಮಂತಕ ಮಣಿಯ ಕಥೆಯೂ ಇದೇ ಕಟ್ಟಿನದು: ದಿನವೂ ಚಿನ್ನವನ್ನು ಕೊಡುವ ಆ ಮಣಿ ಶುಚಿಯಿಲ್ಲದೆ ಧರಿಸಿದವನನ್ನು ಕೊಲ್ಲುತ್ತದೆ, ಮುಟ್ಟದ ಕೃಷ್ಣನಿಗೂ ಕಳ್ಳನೆಂಬ ಅಪವಾದವನ್ನು ಅಂಟಿಸುತ್ತದೆ.

ಇವನ್ನು ಆಟದ ಮೇಜಿಗೆ ಒಯ್ಯುವವರು ಒಂದು ಎಚ್ಚರವನ್ನು ಬಿಡಬಾರದು. ಜನ ಇಂದಿಗೂ ಕೈಮುಗಿಯುವ ದೇವರನ್ನು ಆಟದ ಎದುರಾಳಿಯನ್ನಾಗಿ ಮಾಡುವುದು ಸರಿಯಲ್ಲ. ತೆಗೆದುಕೊಳ್ಳಬೇಕಾದದ್ದು ಕಥೆಯ ಕಟ್ಟನ್ನು, ಹೆಸರುಗಳನ್ನಲ್ಲ. ಆ ಬಳಿಕ ಐತಿಹ್ಯವನ್ನು ಒಂದೇ ಗ್ರಂಥದಲ್ಲಿ ಬಚ್ಚಿಡದೆ ಹಲವರ ಬಾಯಿಗೆ ಹಂಚಬೇಕು: ವಸ್ತುವಿನ ಪ್ರತಾಪವನ್ನು ಗೊರವನಂಥ ಹಾಡುಗಾರ ಹೇಳಲಿ, ಕರಾರನ್ನು ಅರ್ಚಕ ಬಲ್ಲವನಾಗಿರಲಿ, ತೆತ್ತ ಬೆಲೆಯ ಗುರುತು ಋಣ ಹೊತ್ತ ಮನೆತನದವನ ತೊಡೆಯ ಕಲೆಯಲ್ಲಿರಲಿ, ಮತ್ತು ವಸ್ತು ಮೊದಲು ತಮ್ಮದೇ ಆಗಿತ್ತೆಂದು ಪಕ್ಕದ ಊರಿನವರು ಸಾಧಿಸಲಿ. 1979ರ ‘ಡಂಜನ್ ಮಾಸ್ಟರ್ಸ್ ಗೈಡ್’ ಪುಸ್ತಕದಲ್ಲಿ ಇಂಥ ಅಪೂರ್ವ ವಸ್ತುಗಳ ಶಕ್ತಿಗಳ ಜಾಗವನ್ನು ಖಾಲಿ ಗೆರೆಗಳಾಗಿ ಬಿಟ್ಟಿದ್ದರು, ಪುಸ್ತಕ ಓದಿದ ಆಟಗಾರನಿಗೂ ಗುಟ್ಟು ತಿಳಿಯದಿರಲೆಂದು ಸೂತ್ರಧಾರನೇ ಅವನ್ನು ತುಂಬಬೇಕಿತ್ತು. ಆ ಗೆರೆಗಳನ್ನು ತುಂಬುವಾಗ ಶಕ್ತಿಗೆ ಒಂದು ಸಾಲು ಕೊಟ್ಟರೆ ಬೆಲೆಗೆ ಮೂರು ಸಾಲು ಮೀಸಲಿಡುವುದು ಒಳ್ಳೆಯದು: ಈಗ ತೆರುತ್ತಿರುವವರು ಯಾರು, ಅವರು ನಿಲ್ಲಿಸಿದ ವರ್ಷ ಏನಾಯಿತು, ಅವರ ನಂತರ ಸರದಿ ಯಾರದು.