ಗದಾಯುದ್ಧದ ರಣಭೂಮಿಯಲ್ಲಿ ಧೃತಿ

ಚಾಲುಕ್ಯ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ರನ್ನನು ರಚಿಸಿದ, 10 ಆಶ್ವಾಸಗಳ ‘ಸಾಹಸಭೀಮವಿಜಯ’ದಲ್ಲಿ ಓದುಗರ ಮನಸ್ಸನ್ನು ಹಿಡಿದು ನಿಲ್ಲಿಸುವವನು ದುರ್ಯೋಧನ. ಅವನನ್ನು ಕುರಿತ ವಿಮರ್ಶೆಯು ‘ಛಲ’ವೆಂಬ ಪದದಲ್ಲಿಯೇ ಬೇಗ ತೃಪ್ತಿಪಡುತ್ತದೆ. ಎಲ್ಲವನ್ನೂ ಕಳೆದುಕೊಂಡವನಿಗೆ ಮುಂದಿನ ಹೆಜ್ಜೆಯಿಡುವ ಬಲ ಎಲ್ಲಿಂದ ಒದಗಿತೆಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಸಂಧಿಗಾಗಿ ಮೊರೆಯಿಟ್ಟ ತಂದೆತಾಯಿಯರ ಮಾತನ್ನು ನಿರಾಕರಿಸಿದ ಅವನು, ಭೀಷ್ಮನನ್ನು ಕಾಣಲು ಸಂಜಯನೊಡನೆ ಹೆಣಗಳ ನಡುವೆ ನಡೆಯುತ್ತಾನೆ. ಕಾವ್ಯದ ಮರ್ಮವಿರುವುದು ಈ ನಡಿಗೆಯಲ್ಲಿಯೇ ಎಂದು ನಾವು ಭಾವಿಸುತ್ತೇವೆ. ಮಗ ಲಕ್ಷಣಕುಮಾರನ ಕಳೇಬರದೆದುರು, ಮಗನಿಂದ ತಂದೆಗೆ ಸಲ್ಲಬೇಕಾದ ಜಲಾಂಜಲಿಯ ಕ್ರಮವೇ ತಲೆಕೆಳಗಾಯಿತೆಂದು ಅವನು ಮರುಗುತ್ತಾನೆ. ದುಶ್ಶಾಸನ, ಕರ್ಣರೆದುರು ಶೋಕದೊಂದಿಗೆ ಋಣಭಾರವೂ ಹೆಚ್ಚುತ್ತದೆ. ಶತ್ರುಪಕ್ಷದ ಅಭಿಮನ್ಯುವಿನೆದುರಿನಲ್ಲಾದರೋ, ಆ ಸಾಹಸದ ಒಂದಂಶಕ್ಕೆ ತಕ್ಕ ಮರಣವಾದರೂ ತನಗೆ ದೊರೆಯಲೆಂದು ಹಾರೈಸುತ್ತಾನೆ. ತನ್ನವರೇ ಕೊಂದ ಬಾಲಕನಿಂದ ಧೈರ್ಯವನ್ನು ಬೇಡುವ ಈ ಗಳಿಗೆಯಲ್ಲಿ ಗೆಲುವಿನ ಆಸೆಯ ಸೋಂಕಿಲ್ಲ. ಅವನ ಧೃತಿಯ ಆಕರ ಇದೇ.

ಆದರೆ ಈ ಧೃತಿಯು ನಿರ್ದೋಷವಾದುದೆಂದು ನಾವು ಹೇಳಲಾರೆವು. ಮಡಿದವರ ಋಣವು ನಿಲ್ಲುವ ಶಕ್ತಿಯನ್ನು ಕೊಡುತ್ತದೆ. ಹಿಂದಿರುಗುವ ದಾರಿಯನ್ನೂ ಮುಚ್ಚುತ್ತದೆ. ಭೀಷ್ಮನ ಸಂಧಿಯ ಸಲಹೆಯೂ ವ್ಯರ್ಥವಾಗುತ್ತದೆ. ಬದುಕಿರುವ ಹೆತ್ತವರ ಮೊರೆಗಿಂತ ಸತ್ತವರ ಮೌನವೇ ಗಟ್ಟಿಯಾಗಿ ಕೇಳಿಸತೊಡಗುವುದು ಯುದ್ಧದ ದಾರುಣತೆ. ದುರ್ಯೋಧನನ ಧೃತಿಗೆ ತಲೆದೂಗುವ ವಿಮರ್ಶೆಯು ಆ ಮೊರೆಯನ್ನೂ ಕೇಳಿಸಿಕೊಳ್ಳಬೇಕಾಗಿದೆ.